ದಮ್ಮು ಕೆರಳಿದಾಗ ಒಂದು ಹನಿ ರಕ್ತ



ಹತ್ತಿಯ ಧೂಳು, ಒಲೆಯ ಹೊಗೆ, ಬೀಡಿ – ಇವುಗಳಿಂದ ವರ್ಷಗಟ್ಟಲೆ ಸವೆದ ಶ್ವಾಸಕೋಶದ ಕಾಯಿಲೆಗೆ ವೈದ್ಯರು ಸಿ.ಒ.ಪಿ.ಡಿ. ಎನ್ನುತ್ತಾರೆ. ಅದು ಕೆರಳಿ ದಮ್ಮು ಹೆಚ್ಚಿದೊಡನೆ ನಮ್ಮಲ್ಲಿ ಹಲವರು ದಿನಗೂಲಿಯ ದುಡ್ಡು ಕೊಟ್ಟು ಆಂಟಿಬಯೋಟಿಕ್ ಮಾತ್ರೆ ನುಂಗುತ್ತಾರೆ. ಪ್ರತಿ ಸಲವೂ ಅದು ಬೇಕೇ?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 653 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರ ಬೆರಳು ಚುಚ್ಚಿ, ರಕ್ತದಲ್ಲಿ ಸಿ.ಆರ್.ಪಿ. ಎಂಬ ಅಂಶ ಅಳೆದರು. ಲೀಟರಿಗೆ 20 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಆ ಮಾತ್ರೆಯಿಂದ ಲಾಭ ಸಂಭವವಿಲ್ಲವೆಂದು ವೈದ್ಯರಿಗೆ ಸೂಚನೆಯಿತ್ತು. ಅಳೆಸಿಕೊಂಡವರಲ್ಲಿ ನೂರಕ್ಕೆ 57 ಮಂದಿ, ಉಳಿದವರಲ್ಲಿ 77 ಮಂದಿ ಮಾತ್ರೆ ತೆಗೆದುಕೊಂಡರು. ಅಳೆಸಿಕೊಂಡವರ ಆರೋಗ್ಯವೇನೂ ಕೆಡಲಿಲ್ಲ.

ವೈದ್ಯರನ್ನು ಧೈರ್ಯವಾಗಿ ಕೇಳಿ: ‘ಸಿ.ಆರ್.ಪಿ. ನೋಡಬಹುದೇ?’ ಆದರೆ ತುಟಿ ನೀಲಿಯಾದರೆ, ಮಾತಾಡಲೂ ಉಸಿರು ಸಾಲದಿದ್ದರೆ, ಪರೀಕ್ಷೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.