ಅಳಿಯನ ಬೆದರಿಕೆಯೂ ಅಮೆರಿಕದ ಕಾನೂನೂ



ಹೋದ ಸಭೆಯಲ್ಲಿ ಒಬ್ಬ ತಾಯಿ ಕಣ್ಣೊರೆಸಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳಿದರು. ಸಾಲ ಮಾಡಿ, ಕೇಳಿದ್ದೆಲ್ಲ ಕೊಟ್ಟು ಮಗಳನ್ನು ಅಮೆರಿಕದ ಹುಡುಗನಿಗೆ ಮದುವೆ ಮಾಡಿದ್ದಾರೆ. ಅವನು ಕೈಯೆತ್ತುತ್ತಾನೆ. ಅವಳು ಬಾಯಿಬಿಟ್ಟರೆ, "ಒಂದು ಫೋನ್ ಮಾಡಿದರೆ ಸಾಕು, ಇಮಿಗ್ರೇಷನ್‌ನವರು ಬಂದು ನಿನ್ನನ್ನು ವಿಮಾನ ಹತ್ತಿಸುತ್ತಾರೆ" ಎನ್ನುತ್ತಾನಂತೆ. "ಹೌದೇ ಮೇಡಂ, ಕಳಿಸಿಬಿಡುತ್ತಾರೆಯೇ?" ಎಂದು ಆ ತಾಯಿ ಕೇಳಿದರು.

ಅವನ ಒಂದು ಮಾತಿಗೆ ಹಾಗೆ ಕಳಿಸಲು ಬರುವುದಿಲ್ಲ. ಎಚ್-1ಬಿ ವೀಸಾದವನ ಹೆಂಡತಿಗೆ ಸಿಗುವ ಎಚ್-4 ವೀಸಾ ಗಂಡನ ವೀಸಾಕ್ಕೆ ಗಂಟುಹಾಕಿದ್ದು ನಿಜ. ವಿಚ್ಛೇದನವಾದರೆ ಅವಳ ಆಧಾರ ಹೋಗುತ್ತದೆ. ಬೆದರಿಕೆಗೆ ಬಲ ಬಂದಿರುವುದು ಇದರಿಂದಲೇ. ಆದರೆ ಹೊಡೆಯುವ ಗಂಡ ಕೊಟ್ಟ ಮಾಹಿತಿಯೊಂದನ್ನೇ ನಂಬಿ ಹೆಂಡತಿಯನ್ನು ಗಡಿಪಾರು ಮಾಡುವ ತೀರ್ಮಾನಕ್ಕೆ ಬರಕೂಡದೆಂದು ಅಲ್ಲಿ 1996ರಲ್ಲೇ ಕಾನೂನಾಗಿದೆ. ಗಂಡ ಅಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಪಡೆದವನೋ ಆಗಿದ್ದರೆ, 1994ರ ಕಾನೂನಿನಂತೆ ಅವಳು ಅವನಿಗೆ ತಿಳಿಯದ ಹಾಗೆ ತಾನೇ ಅರ್ಜಿ ಹಾಕಬಹುದು. ಎಚ್-4ನವರಿಗೆ ಆ ದಾರಿಯಿಲ್ಲ. ಅವರಿಗಿರುವುದು 2000ದಲ್ಲಿ ಬಂದ ಯು ವೀಸಾ. ಪೊಲೀಸರಿಗೆ ದೂರು ಕೊಟ್ಟು ತನಿಖೆಗೆ ನೆರವಾದವರಿಗೆ ಅದು. ವರ್ಷಕ್ಕೆ ಹತ್ತು ಸಾವಿರ ಮಾತ್ರ, ಹಾಗಾಗಿ ವರ್ಷಗಟ್ಟಲೆ ಕಾಯಬೇಕು. ಸುಲಭವೆಂದು ನಾನು ಹೇಳುವುದಿಲ್ಲ.

ಅಧಿಕಾರಿಗಳೇ ಬಂದು ಬಾಗಿಲು ತಟ್ಟಿದರೆ? ತಟ್ಟಿದ ಕೂಡಲೇ ತೆಗೆಯಬೇಕೆಂದಿಲ್ಲ. "ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಇದೆಯೇ, ಬಾಗಿಲ ಸಂದಿಯಲ್ಲಿ ತೋರಿಸಿ" ಎಂದು ಕೇಳಬಹುದು. ಇಲಾಖೆಯವರೇ ಸಹಿ ಹಾಕಿಕೊಂಡ ಕಾಗದ ಬೇರೆ, ಕೋರ್ಟಿನ ವಾರಂಟ್ ಬೇರೆ. ಕೋರ್ಟಿನದು ಇಲ್ಲದಿದ್ದರೆ, "ಒಳಗೆ ಬರಲು ನನ್ನ ಒಪ್ಪಿಗೆ ಇಲ್ಲ" ಎನ್ನಬೇಕು. ಆದರೂ ನುಗ್ಗಿದರೆ ತಳ್ಳಾಟ ಬೇಡ, ಅದೇ ಮಾತನ್ನು ಮತ್ತೆ ಹೇಳಿದರೆ ಸಾಕು. ಸುಮ್ಮನಿರುವ ಹಕ್ಕೂ ಇದೆ. ಸುಳ್ಳು ಮಾತ್ರ ಹೇಳಬಾರದು, ಸುಳ್ಳು ಕಾಗದ ತೋರಿಸಬಾರದು. ಓದಿ ಅರ್ಥವಾಗದ ಯಾವುದಕ್ಕೂ ಸಹಿ ಹಾಕಬಾರದು. ನಮ್ಮ ಹೆಣ್ಣುಮಕ್ಕಳು ತೋರಿಸಿದ ಕಡೆಯೆಲ್ಲ ರುಜು ಹಾಕುವುದನ್ನು ಮದುವೆ ನೋಂದಣಿಯ ದಿನವೇ ಕಲಿತುಬಿಟ್ಟಿರುತ್ತಾರೆ! ಹಿಡಿದಿಟ್ಟರೆ ವಕೀಲರನ್ನು ಕೇಳಬಹುದು, ಆದರೆ ಅಲ್ಲಿನ ಸರ್ಕಾರ ಅವರ ಫೀಸು ಕೊಡುವುದಿಲ್ಲ. ಭಾರತದ ಕಾನ್ಸುಲೇಟಿಗೆ ತಿಳಿಸಿ ಎನ್ನುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ.

ವಿಮಾನ ನಿಲ್ದಾಣದ ಮಾತು ಬೇರೆ. ಅಲ್ಲಿ ಕೇಳಿದ್ದಕ್ಕೆ ಉತ್ತರಿಸದಿದ್ದರೆ ವೀಸಾ ಇದ್ದವರನ್ನೂ ವಾಪಸು ಕಳಿಸಬಹುದು. ಇನ್ನು, ಹದಿನೆಂಟು ತುಂಬಿದ ವಿದೇಶಿಯರು ತಮ್ಮ ನೋಂದಣಿಯ ದಾಖಲೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂಬ ಕಾನೂನು ಅಲ್ಲಿದೆ. ಆದರೆ ಆ ಕಾಗದಗಳೆಲ್ಲ ಗಂಡನ ಬೀರುವಿನಲ್ಲಿದ್ದರೆ ಅವಳೇನು ತೋರಿಸಿಯಾಳು? ನಮ್ಮ 1967ರ ಕಾಯಿದೆಯ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಗಂಡನದೂ ಅಲ್ಲ, ಅತ್ತೆಯದೂ ಅಲ್ಲ. ಅವರು ಕೊಡದಿದ್ದರೆ ಕಾನ್ಸುಲೇಟಿಗೆ ಹೋಗಬಹುದು.

ಮಗಳು ತವರಿಗೇ ಬಂದುಬಿಟ್ಟರೆ ಇಲ್ಲಿಂದಲೇ ಕೇಸು ಹಾಕಬಹುದು. ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಿಂದೆ 498ಎ ಎನ್ನುತ್ತಿದ್ದುದು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು.

ತಾಯಂದಿರು ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಮಗಳ ಪಾಸ್‌ಪೋರ್ಟ್, ವೀಸಾ, ಮದುವೆ ನೋಂದಣಿ ಪತ್ರ, ಲಗ್ನಪತ್ರಿಕೆ, ಕೊಟ್ಟ ಒಡವೆಗಳ ಪಟ್ಟಿ, ಇಷ್ಟರ ಜೆರಾಕ್ಸ್ ನಿಮ್ಮ ಟ್ರಂಕಿನಲ್ಲಿರಲಿ. ಯಾರ ಹತ್ತಿರ ಇಲ್ಲವೋ ಅವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಬರೆಸಿ.