ಕರಡಿಯ ಕುಣಿತ: ಒಂದು ವೃತ್ತಿಯ ಉದಯ ಮತ್ತು ಅಸ್ತ

(ಹೈದರಾಬಾದಿನ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಕನ್ನಡಿಗರನ್ನುದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಜೀಡಿಮೆಟ್ಲಾದ ಕಾರ್ಖಾನೆಗಳಲ್ಲಿ ದುಡಿಯಲೆಂದು ಬೀದರ, ಕಲಬುರಗಿ, ರಾಯಚೂರು ಕಡೆಗಳಿಂದ ಬಂದು ನೆಲೆಸಿದ ಕನ್ನಡಿಗರಲ್ಲಿ ನಲವತ್ತು ವರ್ಷ ದಾಟಿದವರಿಗೆ ಕರಡಿ ಆಡಿಸುವವನ ನೆನಪು ಇನ್ನೂ ಮಾಸಿರಲಾರದು. ಸುಗ್ಗಿ ಮುಗಿದ ದಿನಗಳಲ್ಲಿ ಊರ ಅಗಸೆಯ ಬಳಿ ಡಮರುಗದ ಸದ್ದು ಕೇಳಿಸಿತೆಂದರೆ ಮಕ್ಕಳು ಊಟದ ತಟ್ಟೆ ಬಿಟ್ಟು ಓಡುತ್ತಿದ್ದರು. ಕರಿಯ ಮೈಯ, ಜಡೆಗಟ್ಟಿದ ಕೂದಲಿನ ಪ್ರಾಣಿಯೊಂದು ಹಿಂಗಾಲುಗಳ ಮೇಲೆ ನಿಂತು ತೂಗಾಡುತ್ತಿತ್ತು, ಸಲಾಮು ಮಾಡುತ್ತಿತ್ತು. ಬೆಚ್ಚಿಬಿದ್ದ ಕೂಸನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಭಯ ಬಿಡುತ್ತದೆಂದು ತಾಯಂದಿರು ನಂಬಿದ್ದರು. ಕರಡಿಯ ನಾಲ್ಕು ಕೂದಲು ತಾಯಿತದೊಳಗೆ ಸೇರಿ ಮಗುವಿನ ಕೊರಳಿಗೆ ಬರುತ್ತಿತ್ತು. ಆಟ ಮುಗಿದ ಮೇಲೆ ಒಂದು ಸೇರು ಜೋಳ, ಒಂದೆರಡು ನಾಣ್ಯ. ಇಂದಿನ ಮಕ್ಕಳು ಈ ನೋಟವನ್ನು ಕಂಡಿಲ್ಲ. ಅದು ಹೇಗೆ ಹುಟ್ಟಿತು, ಹೇಗೆ ನಿಂತಿತು ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಪ್ರಾಣಿಯ ಪರಿಚಯ ಅಗತ್ಯ. ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿ ಕಾಣುವ ಕರಡಿ ಭಾರತ, ನೇಪಾಳ ಮತ್ತು ಶ್ರೀಲಂಕಾಗಳಲ್ಲಿ ವಾಸಿಸುವ ಜಾತಿ. 1791ರಲ್ಲಿ ಇದನ್ನು ವರ್ಣಿಸಿದ ಇಂಗ್ಲೆಂಡಿನ ಜಾರ್ಜ್ ಷಾ ಎಂಬ ವಿಜ್ಞಾನಿ, ಅದರ ಉದ್ದ ಉಗುರುಗಳನ್ನು ನೋಡಿ, ದಕ್ಷಿಣ ಅಮೆರಿಕದ ಮರಗಳಲ್ಲಿ ತೂಗಾಡುವ ಸೋಮಾರಿ ಪ್ರಾಣಿಯ ಬಳಗಕ್ಕೆ ಇದನ್ನು ಸೇರಿಸಿಬಿಟ್ಟನು. ಆ ತಪ್ಪು ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಉಳಿದಿದೆ. ವಾಸ್ತವವಾಗಿ ಈ ಕರಡಿಯಲ್ಲಿ ಸೋಮಾರಿತನವೇನೂ ಇಲ್ಲ. ರಾತ್ರಿಯೆಲ್ಲ ಅಲೆದು ಗೆದ್ದಲು, ಇರುವೆ, ಜೇನು, ಕಾಡುಹಣ್ಣುಗಳನ್ನು ಅರಸುತ್ತದೆ. ಕಲ್ಲಿನಂತೆ ಗಟ್ಟಿಯಾದ ಹುತ್ತವನ್ನು ಉಗುರಿನಿಂದ ಅಗೆದು, ಮೂತಿಯನ್ನು ಒಳಗಿಟ್ಟು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ಗೆದ್ದಲನ್ನು ಹೀರುತ್ತದೆ. ಈ ಕೆಲಸಕ್ಕೆ ಅನುಕೂಲವಾಗಲೆಂಬಂತೆ ಅದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇರುವುದಿಲ್ಲ. ತಾಯಿಕರಡಿಯು ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿಗಳು ಎರಡು ವರ್ಷಕ್ಕೂ ಮೇಲ್ಪಟ್ಟು ತಾಯಿಯ ಜೊತೆಯಲ್ಲೇ ಇದ್ದು ಬದುಕಲು ಕಲಿಯುತ್ತವೆ. ಹೀಗೆ ಮೂತಿ, ಹಲ್ಲು, ಉಗುರು, ತಾಯಿ ಈ ನಾಲ್ಕೇ ಕರಡಿಯ ಬಾಳಿನ ಆಧಾರಗಳು. ಕುಣಿಸುವ ವೃತ್ತಿಯು ಈ ನಾಲ್ಕನ್ನೂ ಕಿತ್ತುಕೊಳ್ಳುತ್ತಿತ್ತು.

ಕಾಡಿನಲ್ಲಿ ತಾಯಿಯನ್ನು ಕೊಂದು ಅಥವಾ ಬೆದರಿಸಿ ಓಡಿಸಿ, ಗುಹೆಯಿಂದ ಮರಿಯನ್ನು ಎತ್ತಿ ತರಲಾಗುತ್ತಿತ್ತು. ದಲ್ಲಾಳಿಗಳ ಕೈಯಿಂದ ಕೈಗೆ ದಾಟುವಾಗಲೇ ಅನೇಕ ಮರಿಗಳು ಹಸಿವೆಯಿಂದಲೂ ಬೇನೆಯಿಂದಲೂ ಸಾಯುತ್ತಿದ್ದವು. ಉಳಿದ ಮರಿ ಆರು ತಿಂಗಳ ಆಸುಪಾಸಿನದಾದಾಗ, ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಅದರ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆಯ ಮಾತೇ ಇಲ್ಲ. ಎತ್ತಿಗೂ ಮೂಗುದಾರ ಹಾಕುವುದಿಲ್ಲವೇ ಎಂದು ರೈತಾಪಿ ಜನ ಕೇಳಬಹುದು. ಎತ್ತಿಗೆ ಚುಚ್ಚುವುದು ಹೊಳ್ಳೆಗಳ ನಡುವಿನ ತೆಳುವಾದ ಪರೆಯನ್ನು, ಅದೂ ಒಂದು ಸಲ, ಗಾಯ ಮಾಯುತ್ತದೆ. ಕರಡಿಯ ಮೂತಿಯೋ ವಾಸನೆಯಿಂದಲೇ ಲೋಕವನ್ನರಿಯುವ ಪ್ರಾಣಿಯ ಅತಿ ಸೂಕ್ಷ್ಮವಾದ ಅಂಗ. ಅಲ್ಲಿನ ಗಾಯ ಮಾಯದಂತೆ ಹಗ್ಗ ಅದನ್ನು ಉಜ್ಜುತ್ತಲೇ ಇರುತ್ತಿತ್ತು. ಮಾಯ್ದರೆ ನೋವಿಲ್ಲ, ನೋವಿಲ್ಲದಿದ್ದರೆ ಆಟವಿಲ್ಲ. ಮುಂದೆ ಕೋರೆಹಲ್ಲುಗಳನ್ನು ಕಬ್ಬಿಣದಿಂದ ಬಡಿದು ಉರುಳಿಸುವುದು, ಉಗುರುಗಳನ್ನು ಕತ್ತರಿಸುವುದು, ಗಂಡಾದರೆ ಬೀಜ ಒಡೆಯುವುದು. ಇವೆಲ್ಲ ಮುಗಿದ ಮೇಲೆ ‘ಶಿಕ್ಷಣ’ ಆರಂಭ.

ಕರಡಿ ಹಿಂಗಾಲುಗಳ ಮೇಲೆ ಸಹಜವಾಗಿಯೇ ನಿಲ್ಲಬಲ್ಲದು. ಜೇನುಗೂಡಿಗೆ ಕೈಚಾಚಲು, ದೂರದ ವಾಸನೆಯನ್ನು ಹಿಡಿಯಲು ಕಾಡಿನಲ್ಲಿಯೂ ಹಾಗೆ ನಿಲ್ಲುತ್ತದೆ. ಈ ಸಹಜ ಶಕ್ತಿಯನ್ನೇ ವೃತ್ತಿಯು ಬಳಸಿಕೊಂಡಿತು. ಹಗ್ಗವನ್ನು ಮೇಲಕ್ಕೆ ಜಗ್ಗಿದರೆ ನೋವು ತಪ್ಪಿಸಿಕೊಳ್ಳಲು ಕರಡಿ ಎದ್ದು ನಿಲ್ಲುತ್ತದೆ. ಅತ್ತಿತ್ತ ಜಗ್ಗಿದರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತದೆ. ಕೋಲಿನ ಏಟೂ ಡಮರುಗದ ಸದ್ದೂ ಜೊತೆಗೂಡಿದರೆ, ಕೆಲವು ದಿನಗಳಲ್ಲೇ ಸದ್ದಿಗೇ ಮೈ ನಡುಗತೊಡಗುತ್ತದೆ. ಪ್ರೇಕ್ಷಕರಿಗೆ ತಾಳಕ್ಕೆ ತಕ್ಕ ಕುಣಿತವೆಂದು ಕಂಡದ್ದು ಇದೇ.

ಈ ಕ್ರಮ ಭಾರತದ್ದು ಮಾತ್ರವಲ್ಲ. ಇಂದಿನ ಬೆಲಾರುಸ್ ದೇಶದ ಸ್ಮೊರ್ಗೊನ್ ಪಟ್ಟಣದಲ್ಲಿ ಕರಡಿಗಳಿಗೆ ಕುಣಿತ ಕಲಿಸುವ ಪ್ರಸಿದ್ಧ ಶಾಲೆಯೇ ಇತ್ತು. ಕಟ್ಟಿಹಾಕಿದ ಕರಡಿಯ ಮೇಲೆ ನಾಯಿಗಳನ್ನು ಛೂ ಬಿಡುವ ಕ್ರೀಡೆಯನ್ನು ಇಂಗ್ಲೆಂಡು ನಿಷೇಧಿಸಿದ್ದು 1835ರಲ್ಲಿ. ಬಲ್ಗೇರಿಯದಲ್ಲಿ ಕುಣಿಯುವ ಕರಡಿಗಳಿಗಾಗಿ 2000ದಲ್ಲಿ ಬೆಲಿತ್ಸಾ ಎಂಬಲ್ಲಿ ಆಶ್ರಯತಾಣ ತೆರೆಯಿತು. ಅಲ್ಲಿನ ಕೊನೆಯ ಕರಡಿಗಳು ಬಿಡುಗಡೆಯಾದದ್ದು 2007ರಲ್ಲಿ. ಆದ್ದರಿಂದ ಇದನ್ನು ಪೂರ್ವದೇಶಗಳ ಅನಾಗರಿಕತೆ ಎಂದು ಬಗೆಯುವವರ ಮಾತಿನಲ್ಲಿ ಹುರುಳಿಲ್ಲ.

ಭಾರತದಲ್ಲಿ ಈ ವೃತ್ತಿ ಬಹುಮಟ್ಟಿಗೆ ಕಲಂದರ್ ಸಮುದಾಯದ ಕೈಯಲ್ಲಿತ್ತು. ಅಲೆಮಾರಿ ಸೂಫಿ ಫಕೀರರಾದ ಕಲಂದರರ ಹೆಸರನ್ನು ಹೊತ್ತ ಈ ಜನ ತಮ್ಮ ಕಸುಬು ಮೊಗಲರ ಕಾಲದ್ದೆಂದು ಹೇಳಿಕೊಳ್ಳುತ್ತಾರೆ. ಅರಮನೆಗಳ ಆಶ್ರಯ ತಪ್ಪಿದ ಮೇಲೆ ಆಟ ಬೀದಿಗೆ ಇಳಿಯಿತು. ಭೂಮಿಯಿಲ್ಲ, ನಿಂತ ಊರಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಮೂಲಕ ಬ್ರಿಟಿಷ್ ಸರ್ಕಾರ ಹಲವು ಅಲೆಮಾರಿ ಪಂಗಡಗಳ ಮೇಲೆ ಹೊರಿಸಿದ ಸಂಶಯ, ಆ ಕಾಯಿದೆ 1952ರಲ್ಲಿ ರದ್ದಾದ ಬಳಿಕವೂ ಊರೂರು ತಿರುಗುವವರ ಬೆನ್ನು ಬಿಡಲಿಲ್ಲ. ಒಂದು ಕರಡಿ ಇಡೀ ಕುಟುಂಬದ ಅನ್ನ. ಅದನ್ನು ಹಿಂಸಿಸುತ್ತಿದ್ದವನೇ ಅದಕ್ಕೆ ತನ್ನ ರೊಟ್ಟಿಯಲ್ಲಿ ಪಾಲು ಕೊಡುತ್ತಿದ್ದನು, ಅದರ ಪಕ್ಕದಲ್ಲೇ ಮಲಗುತ್ತಿದ್ದನು. ಕ್ಷಯದಂಥ ರೋಗಗಳು ಮನುಷ್ಯರಿಂದ ಕರಡಿಗೆ ಅಂಟಲು ಈ ಸಹವಾಸವೇ ಕಾರಣವಾಯಿತು.

ಕಾಯಿದೆಗಳಿಗೆ ಕೊರತೆಯಿರಲಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ 1960ರಲ್ಲಿಯೇ ಬಂದಿತು. ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳನ್ನು ಅಧಿಸೂಚನೆಯ ಮೂಲಕ ಸಾರುವ ಅಧಿಕಾರವನ್ನು ಅದರ 22ನೆಯ ಪ್ರಕರಣ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಜಾರಿಗೆ ಬಂದಿತು. 1991ರ ಮಾರ್ಚಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ ಮತ್ತು ನಾಯಿಗಳ ಪ್ರದರ್ಶನವನ್ನು ನಿಷೇಧಿಸಿ ಅಧಿಸೂಚನೆ ಹೊರಟಾಗ ಸರ್ಕಸ್ ಮಾಲೀಕರು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋದರು. ಮರುಪರಿಶೀಲನೆಯ ನಂತರ 1998ರ ಅಕ್ಟೋಬರ್ 14ರಂದು ಹೊಸ ಅಧಿಸೂಚನೆ ಬಂದಿತು. ಅದರಲ್ಲಿ ನಾಯಿಯ ಬದಲು ಸಿಂಹ ಸೇರಿತ್ತು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಕೇರಳ ಉಚ್ಚ ನ್ಯಾಯಾಲಯವು 2000ದಲ್ಲಿ, ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಅಧಿಸೂಚನೆಯನ್ನು ಎತ್ತಿಹಿಡಿದವು.

ಆದರೂ ಕರಡಿಗಳು ಕುಣಿಯುತ್ತಲೇ ಇದ್ದವು. ತೊಂಬತ್ತರ ದಶಕದ ಸಮೀಕ್ಷೆಯೊಂದರ ಅಂದಾಜಿನಂತೆ ದೇಶದಲ್ಲಿ ಸುಮಾರು 1,200 ಕರಡಿಗಳು ಈ ಸೆರೆಯಲ್ಲಿದ್ದವು. ಆಗ್ರಾ ಹೆದ್ದಾರಿಯಲ್ಲಿ ವಿದೇಶಿ ಪ್ರವಾಸಿಗರ ಬಸ್ಸು ಕಂಡೊಡನೆ ಕರಡಿಯನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಕಾಯಿದೆ ಏಕೆ ಸೋತಿತು? 1960ರ ಅಧಿನಿಯಮದಲ್ಲಿ ಪ್ರದರ್ಶನದ ಅಪರಾಧಕ್ಕೆ ಗೊತ್ತುಪಡಿಸಿದ ಶಿಕ್ಷೆ ಐನೂರು ರೂಪಾಯಿಯವರೆಗಿನ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಇವೆರಡೂ, ಇದೊಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು. ಕರಡಿಯನ್ನು ವಶಪಡಿಸಿಕೊಂಡ ಅಧಿಕಾರಿ ಅದನ್ನು ಎಲ್ಲಿಡಬೇಕು? ಠಾಣೆಯ ಹಿತ್ತಲಿನಲ್ಲಿಯೇ? ಹಲ್ಲೂ ಉಗುರೂ ಕಳೆದುಕೊಂಡ, ಹುತ್ತ ಅಗೆಯುವುದನ್ನೇ ಕಲಿಯದ ಕರಡಿಯನ್ನು ಕಾಡಿಗೆ ಬಿಟ್ಟರೆ ಅದು ಬದುಕಲಾರದು. ಮೃಗಾಲಯಗಳಲ್ಲಿ ಜಾಗವಿಲ್ಲ. ಕರಡಿಯನ್ನು ಕಳೆದುಕೊಂಡ ಮನುಷ್ಯನಾದರೂ ಸುಮ್ಮನಿರಲಾರನು. ಸಾಲ ಮಾಡಿಯಾದರೂ ಮತ್ತೊಂದು ಮರಿಯನ್ನು ಕೊಳ್ಳುತ್ತಾನೆ. ಆಗ ಕಾಡಿನಲ್ಲಿ ಇನ್ನೊಂದು ತಾಯಿಕರಡಿ ಸಾಯುತ್ತದೆ. ಕರಡಿಗೊಂದು ನೆಲೆ, ಒಡೆಯನಿಗೊಂದು ದುಡಿಮೆ ಇವೆರಡನ್ನೂ ಒಟ್ಟಿಗೆ ಒದಗಿಸದ ಹೊರತು ಕಾಯಿದೆ ಕಾಗದದಲ್ಲೇ ಉಳಿಯುವಂತಿತ್ತು.

ಈ ಗಂಟನ್ನು ಬಿಚ್ಚುವ ಕೆಲಸ ಆಗ್ರಾದಲ್ಲಿ ಆರಂಭವಾಯಿತು. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಉತ್ತರ ಪ್ರದೇಶದ ಅರಣ್ಯ ಇಲಾಖೆಯೊಡನೆ ಸೇರಿ ಅಲ್ಲಿನ ಸೂರ್ ಸರೋವರದ ಬಳಿ ಕರಡಿಗಳ ಪುನರ್ವಸತಿ ಕೇಂದ್ರವನ್ನು ಸ್ಥಾಪಿಸಿತು. 2002ರ ಡಿಸೆಂಬರಿನಲ್ಲಿ ಮೊದಲ ಕರಡಿಗಳು ಒಳಬಂದವು. ಮುಂದೆ ಭೋಪಾಲದ ವನವಿಹಾರ, ಪಶ್ಚಿಮ ಬಂಗಾಳದ ಪುರುಲಿಯ, ಕರ್ನಾಟಕದ ಬನ್ನೇರುಘಟ್ಟಗಳಲ್ಲಿ ಇಂಥ ಕೇಂದ್ರಗಳು ತಲೆಯೆತ್ತಿದವು. ಬನ್ನೇರುಘಟ್ಟದ ಕೇಂದ್ರ ಆರಂಭವಾದದ್ದು 2005ರಲ್ಲಿ. ಕರಡಿಯನ್ನು ಒಪ್ಪಿಸಿ, ಮತ್ತೆ ಈ ಕಸುಬಿಗೆ ಕೈಹಾಕುವುದಿಲ್ಲವೆಂದು ಬರೆದುಕೊಟ್ಟ ಕಲಂದರನಿಗೆ ಬದಲಿ ದುಡಿಮೆಗೆ ನೆರವು ದೊರೆಯಿತು. ಕೆಲವರು ಆಟೋರಿಕ್ಷಾ ಕೊಂಡರು, ಕೆಲವರು ಕಿರಾಣಿ ಅಂಗಡಿ ಇಟ್ಟರು, ಕೆಲವರು ವೆಲ್ಡಿಂಗ್ ಕಲಿತರು. ಹೆಂಗಸರು ಹೊಲಿಗೆಯನ್ನೂ ಜಮಖಾನೆ ನೇಯುವುದನ್ನೂ ಹಿಡಿದರು. ಮಕ್ಕಳು ಶಾಲೆಗೆ ನಡೆದರು. ಹಿರಿಯರ ಮಗ್ಗವನ್ನೋ ಒಣಬೇಸಾಯವನ್ನೋ ಹಿಂದೆ ಬಿಟ್ಟು ಕಾರ್ಖಾನೆಯ ಪಾಳಿಗೆ ಹೊಂದಿಕೊಂಡ ಜೀಡಿಮೆಟ್ಲಾದ ಶ್ರಮಿಕರಿಗೆ ಇಂಥ ಬದಲಾವಣೆಯ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಗೆದ್ದರೆಂದೂ ಅಲ್ಲ. ತಲೆಮಾರುಗಳ ಅಲೆದಾಟಕ್ಕೆ ಒಂದು ರಿಕ್ಷಾ ಪೂರ್ಣ ಪರಿಹಾರವಾಗಲಾರದು.

2002ರಿಂದ 2009ರವರೆಗೆ ಹೀಗೆ 628 ಕರಡಿಗಳು ಬಿಡುಗಡೆ ಹೊಂದಿದವು. ಕೊನೆಯದೆಂದು ಗುರುತಿಸಲಾದ ‘ರಾಜು’ ಎಂಬ ಗಂಡುಕರಡಿಯ ಹಗ್ಗ ಕತ್ತರಿಸಿದ್ದು ಕರ್ನಾಟಕದಲ್ಲಿ, 2009ರ ಡಿಸೆಂಬರಿನಲ್ಲಿ. ಅದು ಬನ್ನೇರುಘಟ್ಟಕ್ಕೆ ಸೇರಿತು. ವನ್ಯಜೀವಿ ಕಾಯಿದೆ ಬಂದು ಆಗಲೇ ಮೂವತ್ತೇಳು ವರ್ಷಗಳಾಗಿದ್ದವು. ನೆರೆಯ ನೇಪಾಳದಲ್ಲಿ ಉಳಿದಿದ್ದ ಎರಡು ಕರಡಿಗಳನ್ನು 2017ರ ಡಿಸೆಂಬರಿನಲ್ಲಿ ಬಿಡಿಸಲಾಯಿತು; ಅವುಗಳಲ್ಲಿ ಒಂದು ಬದುಕುಳಿದು ಮರುವರ್ಷ ಆಗ್ರಾ ಕೇಂದ್ರಕ್ಕೆ ಬಂದಿತು.

ಬಿಡುಗಡೆ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಹಗ್ಗ ತೆಗೆದು, ಕೊಳೆತ ಹಲ್ಲಿನ ಬೇರುಗಳನ್ನು ಶಸ್ತ್ರಚಿಕಿತ್ಸೆಯಿಂದ ಕಿತ್ತು, ರೋಗಪರೀಕ್ಷೆಗಾಗಿ ಕೆಲಕಾಲ ಪ್ರತ್ಯೇಕವಾಗಿಟ್ಟು, ಆಮೇಲೆ ಮರಗಿಡಗಳಿರುವ ಬೇಲಿಯೊಳಗೆ ಬಿಡುತ್ತಾರೆ. ಗಂಜಿ, ಹಣ್ಣು, ಜೇನು ಸಿಗುತ್ತದೆ. ಹಲವು ಕರಡಿಗಳಿಗೆ ಕಣ್ಣಿಲ್ಲ. ಡಮರುಗವಿಲ್ಲದ, ಕೋಲಿಲ್ಲದ ಆ ಜಾಗದಲ್ಲಿಯೂ ಕೆಲವು ಕರಡಿಗಳು ನಿಂತಲ್ಲೇ ತಲೆಯನ್ನು ಅತ್ತಿತ್ತ ತೂಗುತ್ತಲೇ ಇರುತ್ತವೆ. ಈ ಚಾಳಿ ವರ್ಷಗಳು ಕಳೆದರೂ ಬಿಡುವುದಿಲ್ಲ. ಅವು ಕಾಡಿಗೆ ಮರಳುವಂತಿಲ್ಲ.

ಕಾಡಿನ ಕರಡಿಯನ್ನು ನೋಡಬಯಸುವವರು ಹಂಪಿಯ ಸಮೀಪದ ದರೋಜಿಗೆ ಹೋಗಬಹುದು. ಜಾಂಬವಂತನು ಸುಗ್ರೀವನೊಡನಿದ್ದ ಕಿಷ್ಕಿಂಧೆ ಇದೇ ಎಂದು ಜನ ನಂಬುವ ನೆಲದ ಮಗ್ಗುಲಲ್ಲೇ, 1994ರಲ್ಲಿ, ಕರಡಿಗಳಿಗಾಗಿಯೇ ಧಾಮವೊಂದನ್ನು ಘೋಷಿಸಲಾಯಿತು. ಸಂಜೆಯ ಹೊತ್ತು ಬಂಡೆಗಳಿಗೆ ಬಳಿದ ಬೆಲ್ಲದ ಪಾಕಕ್ಕೆ ಕರಡಿಗಳು ಗುಡ್ಡದಿಂದ ಇಳಿದು ಬರುತ್ತವೆ. ಪ್ರವಾಸಿಗರು ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಬೆಲ್ಲದ ಆಸೆ ತೋರಿಸಿ ಕಾಡುಪ್ರಾಣಿಯನ್ನು ಕರೆಯುವುದು ಸರಿಯೇ ಎಂಬ ಪ್ರಶ್ನೆ ಇದ್ದೇ ಇದೆ. ಅಲ್ಲಿ ಹಗ್ಗವಂತೂ ಇಲ್ಲ. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದು ಕರಡಿಧಾಮವಾಯಿತು. ಕಲ್ಲುಗಣಿಗಳಿಂದಲೂ ಕಾಡಂಚಿನ ಸಾಗುವಳಿಯಿಂದಲೂ ನೆಲೆ ಕುಗ್ಗುತ್ತಿರುವ ಈ ಪ್ರಾಣಿಗೆ ಪಿತ್ತಕೋಶಕ್ಕಾಗಿ ನಡೆಯುವ ಕಳ್ಳಬೇಟೆಯ ಭಯವೂ ಉಂಟು.

ಕೊನೆಯದಾಗಿ ಸಾರ್ವಜನಿಕರ ತಿಳಿವಳಿಕೆಗಾಗಿ ಕೆಲವು ಮಾತುಗಳು. ಕರಡಿಯು ವನ್ಯಜೀವಿ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಮೂರರಿಂದ ಏಳು ವರ್ಷಗಳ ಸೆರೆವಾಸಕ್ಕೂ, 2022ರ ತಿದ್ದುಪಡಿಯ ಪ್ರಕಾರ ಕನಿಷ್ಠ 25,000 ರೂಪಾಯಿಗಳ ದಂಡಕ್ಕೂ ಗುರಿಮಾಡುವ ಅಪರಾಧ. ಮರಿಯನ್ನು ಯಾರಾದರೂ ಮಾರಾಟಕ್ಕೆ ತಂದರೆ ಮರುಕದಿಂದಲೂ ಕೊಳ್ಳಬಾರದು. ಕೊಂಡ ಹಣ ಮುಂದಿನ ಮರಿಯ ಬೆಲೆಯಾಗುತ್ತದೆ. ಹತ್ತಿರದ ವಲಯ ಅರಣ್ಯಾಧಿಕಾರಿಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಬೇಕು. ಬೀದಿಯಲ್ಲಿ ಕೋತಿಯಾಡಿಸುವುದಕ್ಕೂ ಇಂಥದೇ ನಿಷೇಧ ಅನ್ವಯಿಸುತ್ತದೆ. ಇನ್ನು ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ಕಾಲದ ಕರಡಿಯುಗುರೋ ಕೂದಲಿನ ತಾಯಿತವೋ ಇದ್ದರೆ ಅದನ್ನು ಮಗುವಿಗೆ ಕಟ್ಟುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸುವುದು ಒಳಿತು. 2023ರಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪದಕ ಧರಿಸಿದ್ದಕ್ಕಾಗಿಯೇ ಬಂಧನವಾದದ್ದನ್ನು ಪತ್ರಿಕೆಗಳಲ್ಲಿ ಓದಿದವರು ಅನೇಕರಿದ್ದಾರೆ. ಕರಡಿಗೂ ಅದೇ ಕಾಯಿದೆ.