ಕಡಲಂಚಿನ ಕಾವಲುಗಾರರ ಮನೆಗಳು



ಇಂಗ್ಲೆಂಡಿನ ದಕ್ಷಿಣ ತೀರದ ಸಸೆಕ್ಸ್‌ನಲ್ಲಿ ಬರ್ಲಿಂಗ್ ಗ್ಯಾಪ್ ಎಂಬ ಪುಟ್ಟ ಊರಿದೆ. ಅಲ್ಲಿ ಸೀಮೆಸುಣ್ಣದ ಕಡಿದಾದ ಬಿಳಿ ಬಂಡೆಯ ಅಂಚಿನಲ್ಲಿ ಕೆಲವು ಸಾಲುಮನೆಗಳಿವೆ. 1878ರಲ್ಲಿ ಕರಾವಳಿ ಕಾವಲು ಪಡೆಯವರಿಗಾಗಿ ಕಟ್ಟಿದವು. ಊರೊಳಗೆ ಬಾಡಿಗೆ ಮನೆ ಹಿಡಿಯಬಾರದಿತ್ತೇ ಎಂದು ನೀವು ಕೇಳಬಹುದು. ಆ ಪಡೆಯ ಆರಂಭದ ದಿನಗಳಲ್ಲಿ ಮನೆ ಸಿಗುವುದೇ ಕಷ್ಟವಾಗಿತ್ತು.

ಕಾರಣ, ಸುಂಕ. ಹದಿನೆಂಟನೇ ಶತಮಾನದಲ್ಲಿ ಚಹಾ, ಬ್ರಾಂದಿ, ತಂಬಾಕಿನ ಮೇಲೆ ವಿಪರೀತ ತೆರಿಗೆಯಿತ್ತು. 1784ರಲ್ಲಿ ಚಹಾದ ಸುಂಕವನ್ನು ಶೇ. 119ರಿಂದ 12.5ಕ್ಕೆ ಇಳಿಸಿದರೆಂದರೆ ಅದರ ಹೊರೆ ಎಷ್ಟಿತ್ತೆಂದು ಊಹಿಸಿ. ರಾತ್ರಿ ಬಂದ ದೋಣಿಯಿಂದ ಪೀಪಾಯಿ ಇಳಿಸಿಕೊಟ್ಟ ಕೂಲಿಯಾಳಿಗೆ ಹೊಲದ ದುಡಿಮೆಗಿಂತ ಹೆಚ್ಚು ಕಾಸು. ಹೀಗಾಗಿ ಎಷ್ಟೋ ಊರುಗಳಲ್ಲಿ ಕಳ್ಳಸಾಗಣೆದಾರ ನಮ್ಮವನು, ಹಿಡಿಯಲು ಬಂದವನೇ ವೈರಿ!

ಚದುರಿದ್ದ ಕಾವಲು ದಳಗಳನ್ನು 1822ರಲ್ಲಿ ಒಗ್ಗೂಡಿಸಿ ಕೋಸ್ಟ್ ಗಾರ್ಡ್ ಸ್ಥಾಪಿಸಲಾಯಿತು. ನೆಂಟರಿಷ್ಟರೊಡನೆ ಶಾಮೀಲಾಗದಿರಲೆಂದು ನೌಕರರನ್ನು ಸ್ವಂತ ಊರಿನಿಂದ ದೂರಕ್ಕೆ ಹಾಕುತ್ತಿದ್ದರು. ಹೋದ ಊರಿನಲ್ಲಿ ಅವರಿಗೆ ಬಾಗಿಲು ತೆರೆಯುವವರಿಲ್ಲ. ಸರ್ಕಾರಕ್ಕೂ ನಂಬಿಕೆಯಿಲ್ಲ, ಊರಿಗೂ ಇಲ್ಲ. ಈ ಎರಡು ಅಪನಂಬಿಕೆಗಳ ನಡುವೆ ಎದ್ದವೇ ಕಾವಲು ಮನೆಗಳು. ಮನೆ ಕಟ್ಟಲಾಗದ ಕಡೆ ಹಳೆಯ ಹಡಗೇ ಮನೆ. ಡಾರ್ವಿನ್ ಲೋಕ ಸುತ್ತಿದ ಪ್ರಸಿದ್ಧ 'ಬೀಗಲ್' ಕೂಡ 1845ರ ನಂತರ ಎಸೆಕ್ಸ್‌ನ ಹಿನ್ನೀರಿನಲ್ಲಿ ಲಂಗರು ಹಾಕಿ ಕಾವಲುಗಾರರ ಕುಟುಂಬಗಳಿಗೆ ಸೂರಾಯಿತು. 

ಮುಂದೆ ಸುಂಕ ಇಳಿದಂತೆ ಕಳ್ಳಸಾಗಣೆಯೂ ಇಳಿಯಿತು. 1856ರಲ್ಲಿ ಪಡೆ ನೌಕಾ ಇಲಾಖೆಗೆ ಸೇರಿತು. ಬರ್ಲಿಂಗ್ ಗ್ಯಾಪ್‌ನ ಮನೆಗಳು ಎದ್ದ ಹೊತ್ತಿಗೆ ಕಳ್ಳರಿಗಿಂತ ಮುಳುಗುವ ಹಡಗುಗಳತ್ತಲೇ ಹೆಚ್ಚು ಗಮನ. ಕೆಲಸ ಬದಲಾದರೂ ಮನೆಯ ಜಾಗ ಬದಲಾಗಲಿಲ್ಲ, ಏಕೆಂದರೆ ಎರಡಕ್ಕೂ ಸಮುದ್ರ ಕಣ್ಣಿಗೆ ಬೀಳಬೇಕು. 1920ರ ದಶಕದಲ್ಲಿ ಪಡೆಯನ್ನು ಮೊಟಕುಗೊಳಿಸಿದಾಗ ತೀರದುದ್ದಕ್ಕೂ ಇಂಥ ಅನೇಕ ಮನೆಗಳು ಖಾಸಗಿಯವರ ಪಾಲಾದವು.

ಕಡಲು ಕಾಣಲೆಂದು ಆರಿಸಿದ ಆ ಜಾಗವೇ ಈಗ ಮನೆಗಳಿಗೆ ಮುಳುವಾಗಿದೆ. ನಮ್ಮ ಕರಾವಳಿಯವರು ಹೇಳುವ ಕಡಲ್ಕೊರೆತ ಅಲ್ಲಿ ಬಂಡೆಯನ್ನು ಸರಾಸರಿ ವರ್ಷಕ್ಕೆ ಅರ್ಧ ಮೀಟರಿಗೂ ಹೆಚ್ಚು ತಿನ್ನುತ್ತಿದೆ. 2002ರಲ್ಲಿ ಒಂದು ಮನೆಯನ್ನು ಕೆಡವಿದರು. ಚಳಿಗಾಲದ ಬಿರುಗಾಳಿಯ ನಂತರ 2014ರಲ್ಲಿ ಇನ್ನೊಂದನ್ನು. ಈ ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ತಡೆಗೋಡೆ ಕಟ್ಟುವುದಿಲ್ಲ, ಸಮುದ್ರವನ್ನು ಅದರ ಪಾಡಿಗೆ ಬಿಡುತ್ತದೆ. ನಿಸರ್ಗದ ದೃಷ್ಟಿಯಿಂದ ಸರಿಯೇ ಇರಬಹುದು. ಸಾಲಿನ ತುದಿಮನೆಯವರಿಗೆ ಮಾತ್ರ, ಪಕ್ಕದ ಮನೆ ಹೋದ ಮೇಲೆ ನಡುಗೋಡೆಯೇ ಹೊರಗೋಡೆ.